ಇಪ್ಪತ್ತು ಹಾಸಿಗೆ, ಇಪ್ಪತ್ತು ಭಾರದ ಆಳು

ನೈರೋಬಿಯ ಎಂಬಕಸಿ ವಸತಿ ಬಡಾವಣೆಯಲ್ಲಿ ಸಮುದಾಯ ಭವನದ ಹಿಂದೆ ತಗಡಿನ ಶೆಡ್ ಒಂದಿತ್ತು. 1989ರ ಜನವರಿಯಲ್ಲಿ ಅದರ ಬಾಗಿಲು ತೆರೆದವರಿಗೆ ಮೊದಲು ಕಾಣುತ್ತಿದ್ದದ್ದು ಒಂದು ದೊಡ್ಡ ಸೊಳ್ಳೆಪರದೆ. ಆ ಶೆಡ್ಡಿನಲ್ಲಿ ಸೊಳ್ಳೆ ಇರಲಿಲ್ಲ. ಪರದೆಯೊಳಗೆ ನಾಲ್ಕು ಹೆಂಗಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತು, ತೆಳ್ಳನೆಯ ಬಿದಿರ ಕೋಲುಗಳಿಂದ ಬೂರುಗದ ಹತ್ತಿಯನ್ನು ಬಡಿಯುತ್ತಿದ್ದರು. ಬೂರುಗದ ಹತ್ತಿ ಮಾಮೂಲಿ ಹತ್ತಿಯಂತಲ್ಲ. ಉಸಿರು ಬಿಟ್ಟರೂ ಹಾರುತ್ತದೆ. ಪರದೆ ಇಲ್ಲದೆ ಬಡಿದರೆ ಅರ್ಧ ಮೂಟೆ ಪಕ್ಕದ ಮನೆಯ ಒಗೆದ ಬಟ್ಟೆಯ ಮೇಲೆ ಹೋಗಿ ಕೂರುತ್ತದೆ. ಒಮ್ಮೆ ಹಾಗೆ ಆಗಿಯೂ ಇತ್ತು. ಮರುದಿನವೇ ಪರದೆ ಬಂತು.

ಪರದೆಯೊಳಗಿನ ನಾಲ್ವರಲ್ಲಿ ಕನ್ನಡಕ ಹಾಕಿಕೊಂಡವರು ಎಮಿಲಿಯಾನಾ ಮಸ್ಕರೇನಸ್. ಆಗ ಅವರಿಗೆ ನಲವತ್ತಾರು ವರ್ಷ. ಉಡುಪಿ ಹತ್ತಿರದ ಶಿರ್ವದವರು. 1967ರಲ್ಲಿ ಬರ್ನಾರ್ಡ್ ಅವರನ್ನು ಮದುವೆಯಾಗಿ ನೈರೋಬಿಗೆ ಬಂದವರು. ಬರ್ನಾರ್ಡ್ ವಿಮಾನ ನಿಲ್ದಾಣದ ಸರಕು ಗೋದಾಮಿನಲ್ಲಿ ಗುಮಾಸ್ತ. ತೊಂಬತ್ತಾರು ಕಿಲೋ ತೂಕ, ಮೆಲು ಮಾತು, ಚರ್ಚಿನ ಗಾಯನ ತಂಡದಲ್ಲಿ ಕೆಳದನಿಯ ಹಾಡುಗಾರ. ಮನೆಯಲ್ಲಿ ಗಂಡ ಹೆಂಡತಿ ಮಾತಾಡುವುದು ಕೊಂಕಣಿ. ಎಮಿಲಿಯಾನಾ ಏಳನೇ ತರಗತಿವರೆಗೆ ಓದಿದ್ದು ಕನ್ನಡ ಶಾಲೆಯಲ್ಲಿ. ಮೂಟೆಗಳ ಮೇಲೆ ಅಂಟಿಸುವ ಚೀಟಿಗಳನ್ನು ಅವರು ಆಗಲೂ ಕನ್ನಡದಲ್ಲೇ ಬರೆಯುತ್ತಿದ್ದರು: "ಒಣಗಿದೆ", "ಬೀಜ ಇದೆ", "ಮುಟ್ಟಬೇಡಿ".

ಹಾಸಿಗೆಯ ಕಸುಬಿಗೆ ಅವರು ಬಂದದ್ದು ಬೆನ್ನುನೋವಿನಿಂದ. ಮದುವೆಯ ಹೊಸತರಲ್ಲಿ ಬರ್ನಾರ್ಡ್ ಪ್ರೀತಿಯಿಂದ ಅಂಗಡಿಯ ಸ್ಪಂಜಿನ ಹಾಸಿಗೆ ಕೊಂಡು ತಂದಿದ್ದರು. ಅವರು ಮಲಗಿದ ಕಡೆ ಅದು ಬಾವಿಯಾಗುತ್ತಿತ್ತು, ಇನ್ನೊಂದು ಬದಿಯಲ್ಲಿದ್ದ ಎಮಿಲಿಯಾನಾ ಆ ಬಾವಿಗೆ ಜಾರುತ್ತಿದ್ದರು. ಎರಡನೇ ವರ್ಷ ಮೊಂಬಾಸಾಕ್ಕೆ ಹೋದಾಗ, ಒಂದು ಮಸೀದಿಯ ಪಕ್ಕ ಬೂರುಗದ ಮರದ ಕೆಳಗೆ ಕಾಯಿ ಒಡೆದು ಬಿಳಿ ಹತ್ತಿ ಚೆಲ್ಲಿದ್ದನ್ನು ಕಂಡರು. ಅಲ್ಲಿಯವರು ಅದನ್ನು ಸುಫಿ ಎನ್ನುತ್ತಾರೆ. ಎಮಿಲಿಯಾನಾ ಸೀರೆಯ ಸೆರಗಿನಲ್ಲಿ ಹೆಕ್ಕಲು ತೊಡಗಿದರು. ಸಂಜೆಯ ಹೊತ್ತಿಗೆ ಬರ್ನಾರ್ಡ್ ಅವರ ಅಂಗಿ, ಒಂದು ದಿಂಬಿನ ಚೀಲ, ಸಾಲ ತಂದ ಗೋಣಿ, ಮೂರೂ ತುಂಬಿದ್ದವು. "ರೈಲಿನ ಟಿಕೆಟ್ ಪರೀಕ್ಷಕ ನನ್ನನ್ನು ಕುರಿ ಕದ್ದವನನ್ನು ನೋಡಿದ ಹಾಗೆ ನೋಡಿದ," ಎಂದು ಬರ್ನಾರ್ಡ್ ಇಪ್ಪತ್ತು ವರ್ಷ ಕಳೆದರೂ ಹೇಳುತ್ತಿದ್ದರು.

ಆ ಹಾಸಿಗೆ ಚೆನ್ನಾಗಿ ಬಂತು. ನೋಡಿದ ನೆರೆಯವರು ದಿಂಬು ಕೇಳಿದರು. ನಂತರ ತೊಟ್ಟಿಲ ಹಾಸಿಗೆ ಕೇಳಿದರು. ಸಿರಿವಂತರ ಬಡಾವಣೆಯಾದ ರುಂಡಾದ ದೊಡ್ಡ ಮನೆಯ ಕಾರು ಚಾಲಕನೊಬ್ಬ ತನ್ನ ಯಜಮಾನಿಗೆಂದು ಎರಡು ದಿಂಬು ಒಯ್ದವನು ತಿರುಗಿ ಬಂದು ತನಗೂ ಒಂದು ಎಂದ. ಹೀಗೆ ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಹದಿನೈದು ವರ್ಷ ಕೆಲಸ ನಡೆಯಿತು. ಬಡಾವಣೆಯವರು ಅವರನ್ನು 'ಮಾಮಾ ಗೊಡೊರೊ' ಎಂದು ಕರೆದರು. ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ; ಹಾಸಿಗೆಯಮ್ಮ ಎಂದು ಅರ್ಥ.

ಕೆಲಸದ ಕ್ರಮವನ್ನು ಎಮಿಲಿಯಾನಾ ತಾಯಿಯಿಂದ ಕಲಿತಿದ್ದರು, ಒಂದನ್ನೂ ಬಿಟ್ಟಿರಲಿಲ್ಲ. ಕರಾವಳಿಯಿಂದ ಲಾರಿಯಲ್ಲಿ ಬಂದ ಮೂಟೆಯನ್ನು ಮೂರು ಬಿಸಿಲು ಒಣಗಿಸಬೇಕು. ಬಡಿದು ಬೀಜ ಬೇರೆ ಮಾಡಬೇಕು. ಇಲಿ ಬರುವುದು ಹತ್ತಿಗಲ್ಲ, ಬೀಜಕ್ಕೆ. ಅಮೆರಿಕಾನಿ ಎಂದು ಅಲ್ಲಿಯ ಅಂಗಡಿಗಳಲ್ಲಿ ಸಿಗುವ ಒರಟು ಕೋರಾ ಬಟ್ಟೆಯನ್ನು ಎರಡು ಸಲ ತೊಳೆದು ಚೀಲ ಹೊಲಿಯಬೇಕು. ತುಂಬುವಾಗ ಮೊದಲು ನಾಲ್ಕು ಮೂಲೆ, ಆಮೇಲೆ ಅಂಚು, ಕೊನೆಗೆ ಹೊಟ್ಟೆ. ಬಾಯಿ ಹೊಲಿದ ಮೇಲೆ ಕತ್ತಾಳೆಯ ಸಣ್ಣ ಹುರಿಯಿಂದ ಗೇಣಿಗೊಂದು ಗಂಟು. ಗಂಟಿಲ್ಲದಿದ್ದರೆ ಹತ್ತಿ ಓಡಾಡಿ ಕಾಲಿನ ಕಡೆ ಸೇರುತ್ತದೆ.

ನೆಲದ ಥಂಡಿ ಮೇಲೇರದಂತೆ ಹಾಸಿಗೆಯ ಅಡಿಗೆ ಒಂದು ಚಾಪೆ. ಅದನ್ನು ಹೆಣೆಯುತ್ತಿದ್ದವರು ಮಾಮಾ ಮ್ವೆಂಡೆ. ಮಚಾಕೋಸ್ ಕಡೆಯ ಕಂಬಾ ಜನಾಂಗದ ಹೆಂಗಸು, ಎಮಿಲಿಯಾನಾಗಿಂತ ಹತ್ತು ವರ್ಷ ದೊಡ್ಡವರು. ಈಚಲಿನ ಜಾತಿಯ ಕಾಡುಮರದ ಗರಿಯನ್ನು ಸೀಳಿ ಅವರು ಹೆಣೆದ ಚಾಪೆಯ ಅಂಚು ಹಗ್ಗದಷ್ಟು ಗಟ್ಟಿ. ಬೂರುಗವನ್ನು ಕಂಡರೆ ಮಾತ್ರ ಅವರಿಗೆ ನಗು. "ನನ್ನ ಚಾಪೆಯ ಮೇಲೆ ನಿನ್ನ ಮೋಡ ಯಾಕಮ್ಮ? ನನ್ನ ಅಜ್ಜ ತೊಂಬತ್ತು ವರ್ಷ ಬರೀ ಚಾಪೆಯ ಮೇಲೆ ಮಲಗಿದ," ಎನ್ನುತ್ತಿದ್ದರು. "ಅದಕ್ಕೇ ಅವನು ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಿದ್ದ," ಎಂದು ಎಮಿಲಿಯಾನಾ ಉತ್ತರ ಕೊಡುತ್ತಿದ್ದರು.

ಶೆಡ್ಡು ಸಿಕ್ಕಿದ್ದು 1988ರ ಮಧ್ಯದಲ್ಲಿ. ಖಾಲಿ ಬಿದ್ದಿತ್ತು. ಬಡಾವಣೆಯ ಸಮಿತಿಯ ಅಧ್ಯಕ್ಷ, ಅಂಚೆ ಇಲಾಖೆಯಿಂದ ನಿವೃತ್ತರಾದ ಪೀಟರ್ ಮ್ವಂಗಿ, ಫೆಬ್ರವರಿ ಕೊನೆಯವರೆಗೆ ಬಳಸಿಕೊಳ್ಳಿ ಎಂದಿದ್ದರು. ಅಷ್ಟರಲ್ಲಿ ಇನ್ನೊಬ್ಬರು ಅದೇ ಶೆಡ್ಡನ್ನು ಕೋಳಿ ಸಾಕಲು ಕೇಳಿದರು. ಪೀಟರ್ ನ್ಯಾಯವಂತ ಮನುಷ್ಯ. ಎರಡೂ ಕಡೆಯವರನ್ನು ಕರೆದು ಕೂರಿಸಿ ಹೇಳಿದರು.

"ನೋಡಿ ಮಾಮಾ, ಕೋಳಿ ಅಂದರೆ ದಿನಾ ಮೊಟ್ಟೆ ಇಡುತ್ತದೆ. ಎಲ್ಲರಿಗೂ ಅರ್ಥವಾಗುವ ಕೆಲಸ. ನಿಮ್ಮದು ಹವ್ಯಾಸವೋ ಕಸುಬೋ ಸಮಿತಿಗೆ ಗೊತ್ತಿಲ್ಲ. ಫೆಬ್ರವರಿಯ ಕೊನೆಯ ಶನಿವಾರ ಸಭೆ ಇದೆ. ಯಾವುದಾದರೂ ಶಾಲೆಯೋ ಆಸ್ಪತ್ರೆಯೋ ನಿಮ್ಮಿಂದ ತರಿಸಿಕೊಳ್ಳುತ್ತದೆ ಅನ್ನುವ ಒಂದು ಕಾಗದ ತನ್ನಿ. ಶೆಡ್ ನಿಮ್ಮದು."

ಶೆಡ್ ಹೋದರೆ ಮತ್ತೆ ಜಗಲಿ. ಜಗಲಿಯಲ್ಲಿ ಒಬ್ಬರು ಕೂರಬಹುದು, ನಾಲ್ವರಲ್ಲ. ಮಾಮಾ ಮ್ವೆಂಡೆ ಮತ್ತು ಇನ್ನಿಬ್ಬರು ಮನೆಗೆ ಹೋಗಬೇಕು. ಎಮಿಲಿಯಾನಾ ಮೂರು ಆಸ್ಪತ್ರೆಗಳ ಮೆಟ್ಟಿಲು ಹತ್ತಿದರು. ಮೂರರಲ್ಲೂ ಚಹಾ ಕೊಟ್ಟರು, ಕಾಗದ ಕೊಡಲಿಲ್ಲ.

ಕಾಗದದ ದಾರಿ ತೋರಿಸಿದ್ದು ಒಂದು ದಿಂಬು. ನಗರದ ಇನ್ನೊಂದು ಕಡೆಯ ಲಂಗಾಟಾದಲ್ಲಿ ಪುಟ್ಟ ಮಕ್ಕಳ ಶಾಲೆ ನಡೆಸುತ್ತಿದ್ದ ಕಮಲಾಕ್ಷಿ ಎಂಬ ಮೈಸೂರಿನ ಮೇಡಂ, ಗೆಳತಿಯ ಮನೆಯಲ್ಲಿ ಆ ದಿಂಬಿನ ಮೇಲೆ ಒಂದು ಮಧ್ಯಾಹ್ನ ತಲೆಯಿಟ್ಟಿದ್ದರು. ಜನವರಿಯ ಎರಡನೇ ವಾರ, ಮೈಸೂರಿನ ಟೀಚರ್ ಬರುತ್ತಾರೆಂದು ಗೆಳತಿಯಿಂದ ಮೊದಲೇ ಹೇಳಿಸಿ, ವಿಳಾಸ ಹುಡುಕಿಕೊಂಡು ಶೆಡ್ಡಿಗೇ ಬಂದರು. ಪರದೆಯೊಳಗೆ ಬಿಳಿ ಹೊಗೆಯಲ್ಲಿ ಕೂತ ನಾಲ್ವರನ್ನು ನೋಡಿ ಬಾಗಿಲಲ್ಲೇ ನಿಂತರು.

"ಇಲ್ಲಿ ಎಮಿಲಿಯಾನಾ ಅವರು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನಾನೇ. ಒಳಗೆ ಬರಬೇಡಿ ಟೀಚರ್, ನಿಮ್ಮ ಸೀರೆ ಕಪ್ಪು. ನಾನೇ ಹೊರಗೆ ಬರುತ್ತೇನೆ."

"ಅಯ್ಯೋ, ಕನ್ನಡ! ಅದೂ ಒಳ್ಳೆ ಪಾಠದ ಪುಸ್ತಕ ಓದ್ದಂಗೆ ಮಾತಾಡ್ತೀರಲ್ರೀ."

"ಎಂತ ಮಾಡುವುದು. ನಮಗೆ ಪುಸ್ತಕದಿಂದಲೇ ಬಂದದ್ದು. ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು, ಹೊಡೆತ ತಿಂದದ್ದು ಮಾತ್ರ ಕನ್ನಡದಲ್ಲಿ."

ಕಮಲಾಕ್ಷಿ ಜೋರಾಗಿ ನಕ್ಕರು. ಆಮೇಲೆ ವಿಷಯಕ್ಕೆ ಬಂದರು. ಶಾಲೆಯಲ್ಲಿ ಅರವತ್ತು ಮಕ್ಕಳು, ಮೂರು ತರಗತಿ. ಊಟದ ನಂತರ ಒಂದು ಗಂಟೆ ನಿದ್ದೆ. ಈಗ ಇರುವುದು ಸ್ಪಂಜಿನ ಹಾಸಿಗೆಗಳು, ಮೇಲೆ ರೆಕ್ಸಿನ್. ಬೇಸಿಗೆಯಲ್ಲಿ ಮಕ್ಕಳ ಬೆನ್ನು ಬೆವರಿ ಗುಳ್ಳೆ ಏಳುತ್ತದೆ. ಒಬ್ಬ ಉಚ್ಚೆ ಮಾಡಿದರೆ ಹೊಲಿಗೆಯ ತೂತಿನಿಂದ ಒಳಗೆ ಇಳಿದ ನೀರು ಮೂರು ದಿನ ಒಣಗುವುದಿಲ್ಲ.

"ನಿಮ್ಮ ಹತ್ತಿಯೂ ಹಾಗೇ ಕುಡಿಯೋದಿಲ್ವಾ?"

ಎಮಿಲಿಯಾನಾ ಒಂದು ಬಟ್ಟಲು ನೀರು ತಂದು ಒಂದು ಹಿಡಿ ಬೂರುಗ ಅದರಲ್ಲಿ ಬಿಟ್ಟರು. ಅದು ಬಾತುಕೋಳಿಯ ಹಾಗೆ ತೇಲಿತು. ಬೆರಳಿಂದ ಮುಳುಗಿಸಿದರೂ ಮೇಲೆ ಬಂತು.

"ಹಡಗಿನವರು ಜೀವರಕ್ಷಕ ಅಂಗಿಗೆ ತುಂಬುತ್ತಿದ್ದದ್ದು ಇದನ್ನೇ ಟೀಚರ್. ಎಳೆಯ ಮೇಲೆ ಮೇಣದ ಹಾಗೆ ಒಂದು ಪದರ ಇದೆ. ಮೇಲಿನ ಬಟ್ಟೆ ಒದ್ದೆಯಾಗುತ್ತದೆ, ಹತ್ತಿ ಅಷ್ಟು ಬೇಗ ಕುಡಿಯುವುದಿಲ್ಲ. ಒಂದು ಬಿಸಿಲು ಸಾಕು."

ಕಮಲಾಕ್ಷಿ ತಾವೂ ಒಮ್ಮೆ ಹತ್ತಿಯನ್ನು ಮುಳುಗಿಸಿ ನೋಡಿದರು. ಅವರು ಮಾತಿನಲ್ಲಿ ಸಲೀಸು, ತೀರ್ಮಾನದಲ್ಲಿ ಬಿಗಿ. ಮೊದಲು ಒಂದು ತರಗತಿಗೆ ಇಪ್ಪತ್ತು ಹಾಸಿಗೆ. ಫೆಬ್ರವರಿ ಹದಿಮೂರು, ಸೋಮವಾರ, ಮಕ್ಕಳನ್ನು ಮಲಗಿಸಿ ನೋಡುವುದು. ಮಕ್ಕಳು ನಿದ್ದೆ ಮಾಡಿದರೆ ಅರವತ್ತಕ್ಕೂ ಕಾಗದ. ಮಾಡದಿದ್ದರೆ ಇಪ್ಪತ್ತೂ ವಾಪಸ್.

"ನನ್ನ ಅಭಿಪ್ರಾಯ ಮುಖ್ಯ ಅಲ್ಲ ರೀ," ಎಂದರು. "ಮಕ್ಕಳು ಸುಳ್ಳು ನಿದ್ದೆ ಮಾಡೋದು ನಂಗೆ ದೂರದಿಂದ್ಲೇ ಗೊತ್ತಾಗತ್ತೆ."

ಒಂದು ತಿಂಗಳು ಪರದೆಯೊಳಗಿನ ಕೋಲು ನಿಲ್ಲಲಿಲ್ಲ. ಜನವರಿ ನೈರೋಬಿಯ ಒಳ್ಳೆಯ ಬಿಸಿಲಿನ ಕಾಲ. ಭವನದ ಅಂಗಳದ ತುಂಬ ಹಳೆಯ ಸೀರೆ ಹಾಸಿ, ಅದರ ಮೇಲೆ ಹತ್ತಿ, ಅದರ ಮೇಲೆ ಇನ್ನೊಂದು ಸೀರೆ. ಮಾಮಾ ಮ್ವೆಂಡೆ ಇಪ್ಪತ್ತು ಪುಟ್ಟ ಚಾಪೆಗಳನ್ನು ಹೆಣೆದರು, ಪ್ರತಿಯೊಂದರ ಮೂಲೆಯಲ್ಲಿ ಬೇರೆ ಬೇರೆ ಬಣ್ಣದ ಎಳೆ ಹಾಕಿದರು, ಮಕ್ಕಳು ತಮ್ಮದನ್ನು ಗುರುತಿಸಲಿ ಎಂದು. ಹಾಸಿಗೆಗಳನ್ನು ಎಮಿಲಿಯಾನಾ ಶಿರ್ವದ ಅಳತೆಯಲ್ಲೇ ತುಂಬಿದರು. ಒತ್ತಿ ಒತ್ತಿ, ಮೊಣಕಾಲು ಊರಿ ತುಂಬಿದರು. ಹೊಲಿದು ಮುಗಿದಾಗ ಒಂದೊಂದೂ ಹಲಸಿನ ಹಣ್ಣಿನ ಹಾಗೆ ಉಬ್ಬಿ ನಿಂತಿತ್ತು. ಅವರಿಗೆ ಅದು ಒಳ್ಳೆಯ ಹಾಸಿಗೆಯ ಲಕ್ಷಣ.

ಭಾನುವಾರ ಮಟಾಟು ಎಂಬ ಬಾಡಿಗೆ ವ್ಯಾನಿನ ಮಾಡಿನ ಮೇಲೆ ಹಾಸಿಗೆಗಳನ್ನು ಏರಿಸಿದಾಗ ಬಾಗಿಲಲ್ಲಿ ನೇತಾಡುವ ಕಂಡಕ್ಟರ್ ಜನರನ್ನು ಕೂಗಿ ಕರೆದ: "ಬನ್ನಿ, ಬನ್ನಿ! ಇವತ್ತು ಮಲಗಿಕೊಂಡು ಹೋಗುವ ಗಾಡಿ!"

ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ ಇಪ್ಪತ್ತು ಮಕ್ಕಳು ಸಾಲಾಗಿ ಮಲಗಿದರು. ಹನ್ನೆರಡೂ ಮೂವತ್ತೆರಡಕ್ಕೆ ಮೊದಲನೆಯವಳು ಉರುಳಿ ನೆಲಕ್ಕೆ ಬಿದ್ದಳು. ಬೀಳುವುದು ಅರ್ಧ ಅಡಿ, ನೋವಾಗಲಿಲ್ಲ. ಅವಳು ಕಿಲಕಿಲ ನಕ್ಕು ಮತ್ತೆ ಹತ್ತಿದಳು, ಬೇಕೆಂದೇ ಇನ್ನೊಮ್ಮೆ ಉರುಳಿದಳು. ಪಕ್ಕದವನು ನೋಡಿದ. ಐದು ನಿಮಿಷದಲ್ಲಿ ಇಡೀ ಕೋಣೆ ಉರುಳುತ್ತಿತ್ತು. ಒಬ್ಬ ಹಾಸಿಗೆಯ ಮೇಲೆ ಎರಡೂ ಬದಿ ಕಾಲು ಹಾಕಿ ಕೂತು, "ಟೀಚರ್, ದಿಸ್ ಈಸ್ ಮೈ ಹಾರ್ಸ್!" ಎಂದ. ಎರಡು ಹಾಸಿಗೆ ಒಂದರ ಮೇಲೊಂದು ಏರಿ ಜಾರುಬಂಡಿಯಾದವು. ಒಂದು ಗಂಟೆಯಲ್ಲಿ ಇಪ್ಪತ್ತು ಮಕ್ಕಳಲ್ಲಿ ನಿದ್ದೆ ಮಾಡಿದ್ದು ಒಬ್ಬನೇ. ಅವನು ಬಿದ್ದಲ್ಲೇ ನೆಲದ ಮೇಲೆ ಮಲಗಿದ್ದ.

ಕಮಲಾಕ್ಷಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಕಣ್ಣೊರೆಸಿಕೊಂಡು ಹೇಳಿದರು: "ನಾನು ಹಾಸಿಗೆ ಕೇಳಿದ್ದು ಎಮಿಲಿಯಾನಾ ಅವ್ರೇ, ಕುದುರೆ ಅಲ್ಲ. ನಾ ಹೇಳಿದ್ದು ಹೇಳಿದ್ದೇ. ಆದ್ರೆ ಒಂದ್ಸಲ ನೋಡಿ ಬೇಡ ಅನ್ನೋದು ನನ್ನ ಅಭ್ಯಾಸ ಅಲ್ಲ. ಮುಂದಿನ ಸೋಮವಾರ ಇನ್ನೊಂದ್ಸಲ ತನ್ನಿ. ಅಷ್ಟೇ."

ಮುಂದಿನ ಸೋಮವಾರ ಇಪ್ಪತ್ತನೇ ತಾರೀಕು. ಸಭೆ ಇದ್ದದ್ದು ಇಪ್ಪತ್ತೈದಕ್ಕೆ.

ತಪ್ಪು ಎಲ್ಲಿ ಎಂದು ಎಮಿಲಿಯಾನಾಗೆ ಗೊತ್ತಾದದ್ದು ಮಕ್ಕಳು ಉರುಳಿದ ದಿನವೇ, ರಾತ್ರಿ ಊಟಕ್ಕೆ ಕೂತಾಗ. ಮಾಮಾ ಮ್ವೆಂಡೆಯೂ ಜೊತೆಗಿದ್ದರು.

"ಸ್ವಲ್ಪ ಹತ್ತಿ ತೆಗೆದುಬಿಡು, ಆಯಿತಲ್ಲ," ಎಂದರು ಮಾಮಾ ಮ್ವೆಂಡೆ.

"ತೆಗೆದರೆ ಈಗ ಸರಿ. ಎರಡು ತಿಂಗಳಲ್ಲಿ ಹಪ್ಪಳ. ಆಮೇಲೆ ಟೀಚರ್ ಬಂದು ನನ್ನನ್ನೇ ಹಪ್ಪಳ ಮಾಡುತ್ತಾರೆ. ಬೂರುಗ ಒತ್ತಿ ತುಂಬಿದ್ದು ಮೈಭಾರಕ್ಕೆ ಕೂರಬೇಕು. ಕೂತ ಮೇಲೆ ಹತ್ತು ವರ್ಷ ಅಲುಗುವುದಿಲ್ಲ."

"ಅಗೊ ಎಮಿಲಿ," ಎಂದು ಬರ್ನಾರ್ಡ್ ಮೀನಿನ ಮುಳ್ಳು ಬಿಡಿಸುತ್ತ ಕೇಳಿದರು, "ನಿಮ್ಮ ಮನೆಯಲ್ಲಿ ಹೊಸ ಹಾಸಿಗೆಯ ಮೇಲೆ ಮೊದಲು ಯಾರು ಮಲಗುತ್ತಿದ್ದರು?"

ಎಮಿಲಿಯಾನಾ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು.

ಶಿರ್ವದ ಮನೆಯಲ್ಲಿ ಹೊಸ ಹಾಸಿಗೆಯನ್ನು ಯಾರೂ ನೇರ ಬಳಸುತ್ತಿರಲಿಲ್ಲ. ಮೊದಲು ಲಾಜರ್ ಬಾಪ್ಪುವಿಗೆ ಹೇಳಿ ಕಳಿಸುತ್ತಿದ್ದರು. ತಂದೆಯ ಅಣ್ಣ ಅವರು, ಬಂಟಕಲ್ಲಿನ ಕಡೆಯಿಂದ ನಡೆದುಕೊಂಡು ಬರುತ್ತಿದ್ದರು, ಕುಟುಂಬದಲ್ಲೇ ಭಾರದ ಆಳು. ಎಂಟು ದಿನ ಮೀನುಸಾರು ಉಂಡು, ಮಧ್ಯಾಹ್ನ ಎರಡು ತಾಸು ಆ ಹಾಸಿಗೆಯ ಮೇಲೆ ಮಗ್ಗುಲು ಬದಲಿಸಿ ಬದಲಿಸಿ ಮಲಗಿ, ಅದನ್ನು 'ಕೂರಿಸಿ' ಹೋಗುತ್ತಿದ್ದರು. ಅಕ್ಕಪಕ್ಕದ ಮನೆಯವರೂ ಕರೆಯುತ್ತಿದ್ದರು. ಬಾಪ್ಪು ಬೇಡ ಎಂದದ್ದಿಲ್ಲ. ನೈರೋಬಿಯಲ್ಲಿ ಎಮಿಲಿಯಾನಾರ ಗಿರಾಕಿಗಳೆಲ್ಲ ದೊಡ್ಡವರಾದ್ದರಿಂದ ತಮ್ಮ ಹಾಸಿಗೆಯನ್ನು ತಾವೇ ಕೂರಿಸಿಕೊಂಡಿದ್ದರು, ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ. ಹದಿನೈದು ಕಿಲೋದ ಗಿರಾಕಿಗಳು ಅವರಿಗೆ ಇದೇ ಮೊದಲು.

"ಇಪ್ಪತ್ತು ಹಾಸಿಗೆ," ಎಂದರು ಅವರು. "ಐದು ದಿನ. ನೀವೊಬ್ಬರೇ ಆದರೆ ಆಗಸ್ಟ್ ಬರುತ್ತದೆ."

"ನನ್ನನ್ನು ಯಾಕೆ ಲೆಕ್ಕಕ್ಕೆ ಹಿಡಿದೆ?"

"ಈ ಮನೆಯಲ್ಲಿ ಬೇರೆ ಯಾರನ್ನು ಹಿಡಿಯುವುದು? ನಾನು ಐವತ್ತು ಕಿಲೋ. ಮ್ವೆಂಡೆ ನಲವತ್ತೆಂಟು."

ಮಾಮಾ ಮ್ವೆಂಡೆಗೆ ಲಾಜರ್ ಬಾಪ್ಪುವಿನ ಕಥೆಯನ್ನು ಸ್ವಾಹಿಲಿಯಲ್ಲಿ ಹೇಳಿದಾಗ ಅವರು ನಕ್ಕು ನಕ್ಕು ಎದ್ದು ನಿಂತರು. "ಮಲಗುವುದಕ್ಕೆ ಊಟ ಹಾಕಿ ಕರೆಯುತ್ತಿದ್ದರಾ? ಆ ಊರು ಎಲ್ಲಿದೆ? ನನ್ನ ಗಂಡನನ್ನು ಕಳಿಸುತ್ತೇನೆ."

ಬರ್ನಾರ್ಡ್ ಕೈ ತೊಳೆದು ಬಂದು ನಿಧಾನವಾಗಿ ಹೇಳಿದರು. ಅವರ ಗೋದಾಮಿನಲ್ಲಿ ಸರಕು ಇಳಿಸುವ ಆಳುಗಳು ಇಪ್ಪತ್ತೆರಡು ಜನ. ಒಂದರಿಂದ ಎರಡರವರೆಗೆ ಊಟದ ಬಿಡುವು. ಹತ್ತು ನಿಮಿಷದಲ್ಲಿ ಉಣ್ಣುತ್ತಾರೆ, ಉಳಿದ ಐವತ್ತು ನಿಮಿಷ ಗೋದಾಮಿನ ಹಿಂದೆ, ಒಡೆದ ರಟ್ಟಿನ ಪೆಟ್ಟಿಗೆಗಳ ಮೇಲೆ ನಿದ್ದೆ. ಅವರಲ್ಲಿ ಎಂಬತ್ತು ಕಿಲೋಗಿಂತ ಕಡಿಮೆಯವನು ಒಬ್ಬನೂ ಇಲ್ಲ.

ಆಳುಗಳ ಮೇಸ್ತ್ರಿ ಒಡುವೋರ್. ಮಂಗಳವಾರ ಹಾಸಿಗೆಗಳ ರಾಶಿಯನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟ.

"ಮಾಮಾ, ಇದನ್ನು ಎಲ್ಲಿಗೆ ಹೊರಬೇಕು?"

"ಎಲ್ಲಿಗೂ ಬೇಡ. ಇದರ ಮೇಲೆ ಮಲಗಬೇಕು."

"ಮಲಗಿ?"

"ಮಲಗಿ ಮಗ್ಗುಲು ಬದಲಿಸಬೇಕು. ಐದು ದಿನ."

ಒಡುವೋರ್ ಬರ್ನಾರ್ಡ್ ಕಡೆ ತಿರುಗಿದ. "ಬ್ವಾನಾ ಬರ್ನಾರ್ಡ್, ಇದು ಕೆಲಸವೋ, ರಜೆಯೋ?"

"ಊಟದ ಬಿಡುವು," ಎಂದರು ಬರ್ನಾರ್ಡ್. "ಬಿಡುವಿನಲ್ಲಿ ನೀವು ಏನು ಮಾಡುತ್ತೀರೋ ಅದನ್ನೇ ಮಾಡಿ. ಪ್ರತಿದಿನ ಎಲ್ಲರಿಗೂ ಎಮಿಲಿಯ ಮೀನುಸಾರು ಇದೆ."

ಎಮಿಲಿಯಾನಾ ಎರಡು ಷರತ್ತು ಹಾಕಿದರು. ಮಲಗುವ ಮುಂಚೆ ಮೇಲಂಗಿ ಕಳಚಿ ಕೈಕಾಲು ತೊಳೆಯಬೇಕು. ಪ್ರತಿ ಹಾಸಿಗೆಗೂ ಹಳೆಯ ಬೆಡ್‌ಶೀಟಿನಿಂದ ಹೊಲಿದ ಎರಡು ಪದರದ ಚೀಲ ತೊಡಿಸಿದ್ದರು, ಅದನ್ನು ಯಾರೂ ತೆಗೆಯಬಾರದು. ದೇಹ ಆರಡಿ, ಹಾಸಿಗೆ ನಾಲ್ಕಡಿ. ಕಾಲುಗಳು ಹೊರಗೆ ಉಳಿದವು. ಮೊದಲ ದಿನ ದೊಡ್ಡ ಗಂಡಸರೂ ಮಕ್ಕಳಂತೆಯೇ ಉರುಳಿದರು. ಉರುಳಿದವನನ್ನು ಉಳಿದವರು ಹೆಸರು ಹಿಡಿದು ಕೂಗಿ ಗೇಲಿ ಮಾಡಿದರು. ಎರಡನೇ ದಿನ ಉರುಳುವುದು ನಿಂತಿತು. ಮೂರನೇ ದಿನ ಎರಡು ಗಂಟೆಗೆ ಎಬ್ಬಿಸಲು ಒಡುವೋರ್ ಸೀಟಿ ಊದಬೇಕಾಯಿತು, ಅದನ್ನು ಊದಲು ಮೊದಲು ಒಡುವೋರನನ್ನೇ ಯಾರಾದರೂ ಎಬ್ಬಿಸಬೇಕಾಯಿತು.

ಎಮಿಲಿಯಾನಾ ದಿನವೂ ಕೊಡಪಾನದಷ್ಟು ದೊಡ್ಡ ಪಾತ್ರೆಯಲ್ಲಿ ಸಾರು ತಂದು ಬಡಿಸಿ, ಎಲ್ಲರೂ ಎದ್ದ ಮೇಲೆ ಹಾಸಿಗೆಗಳನ್ನು ಮುಂಗೈಯಿಂದ ಒತ್ತಿ ನೋಡುತ್ತಿದ್ದರು. ಕೂರದ ಕಡೆ ಚಾಕ್‌ನಿಂದ ಗುರುತು. ಮರುದಿನ ಅಲ್ಲಿಗೆ ಸೊಂಟ ಬರುವಂತೆ ಮಲಗಿ ಎಂದು ಆಳುಗಳಿಗೆ ಸೂಚನೆ. "ನಮ್ಮ ಸೊಂಟಕ್ಕೂ ಮೇಸ್ತ್ರಿ ಬಂದರಪ್ಪ," ಎಂದ ಒಬ್ಬ. ಶನಿವಾರ ಸಂಜೆ ಹಲಸಿನ ಹಣ್ಣುಗಳು ದೋಸೆಕಲ್ಲಿನಷ್ಟು ಸಮ ಆಗಿದ್ದವು. ಒತ್ತಿದರೆ ಎರಡು ಬೆರಳು ತಗ್ಗಿ, ಬಿಟ್ಟರೆ ಮೇಲೆ ಬರುತ್ತಿದ್ದವು.

ಬಿಟ್ಟುಕೊಡುವಾಗ ತಕರಾರು ಆಯಿತು. ಒಡುವೋರ್ ತನ್ನದನ್ನು ಕಂಕುಳಲ್ಲಿ ಹಿಡಿದು ನಿಂತಿದ್ದ.

"ಮಾಮಾ, ಇದು ನನ್ನ ಬೆನ್ನಿನ ಅಚ್ಚು. ಮಗು ಇದರ ಮೇಲೆ ಮಲಗಿ ಏನು ಮಾಡುತ್ತದೆ?"

"ಬೆಳೆಯುತ್ತದೆ. ಕೊಡು ಇಲ್ಲಿ."

ಭಾನುವಾರ ಹೊರಚೀಲಗಳನ್ನು ಕಳಚಿ, ಒಳಗಿನ ಹಾಸಿಗೆಗಳಿಗೆ ಬೆಳಗಿನಿಂದ ಸಂಜೆವರೆಗೆ ಬಿಸಿಲು ತೋರಿಸಿದರು. ಸೋಮವಾರ ಬೆಳಿಗ್ಗೆ ಮತ್ತೆ ಲಂಗಾಟಾ. ಕಮಲಾಕ್ಷಿ ಒಂದು ಹಾಸಿಗೆಯನ್ನು ಒತ್ತಿ ನೋಡಿ ಹುಬ್ಬೇರಿಸಿದರು.

"ಹತ್ತಿ ತೆಗೆದ್ರಾ?"

"ಇಲ್ಲ. ಒಂದು ಎಳೆಯೂ ತೆಗೆದಿಲ್ಲ."

"ಮತ್ತೆ ಏನ್ ಮಾಡಿದ್ರಿ?"

ಇಲ್ಲಿ ಸುಳ್ಳು ಹೇಳಬಹುದಿತ್ತು. ಬಡಿದೆವು ಎಂದೋ, ಕಲ್ಲು ಹೇರಿದೆವು ಎಂದೋ ಹೇಳಿದ್ದರೆ ಮುಗಿಯುತ್ತಿತ್ತು. ಬರುವಾಗ ಮಟಾಟುವಿನಲ್ಲಿ ಮಾಮಾ ಮ್ವೆಂಡೆ ಅದನ್ನೇ ಹೇಳಿಕೊಟ್ಟಿದ್ದರು. ಎಮಿಲಿಯಾನಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ಇಪ್ಪತ್ತು ಜನ ಗಂಡಸರನ್ನು ಐದು ದಿನ ಮಲಗಿಸಿದೆ ಟೀಚರ್."

ಕಮಲಾಕ್ಷಿಯ ಕೈ ಹಾಸಿಗೆಯ ಮೇಲಿಂದ ಹಿಂದೆ ಸರಿಯಿತು. "ಯಾವ ಗಂಡಸರು?"

"ವಿಮಾನದ ಸರಕು ಇಳಿಸುವವರು. ಕೈಕಾಲು ತೊಳೆದು ಮಲಗಿದ್ದಾರೆ. ಮೇಲೆ ಎರಡು ಪದರ ಚೀಲ ಇತ್ತು, ಅದು ನನ್ನ ಮನೆಯಲ್ಲಿದೆ. ಒಳಗಿನದಕ್ಕೆ ನಿನ್ನೆ ಇಡೀ ದಿನ ಬಿಸಿಲು. ನಮ್ಮ ಊರಿನಲ್ಲಿ ಹೊಸ ಹಾಸಿಗೆಯನ್ನು ಹೀಗೆಯೇ ಕೂರಿಸುವುದು. ಭಾರದವರು ಮಲಗದೆ ಹಗುರದವರಿಗೆ ಹಾಸಿಗೆ ಆಗುವುದಿಲ್ಲ. ಇದು ನನಗೆ ಮೊದಲೇ ನೆನಪಾಗಬೇಕಿತ್ತು, ಆಗಲಿಲ್ಲ. ನಿಮಗೆ ಬೇಡ ಅನಿಸಿದರೆ ಈಗಲೇ ಕಟ್ಟಿಕೊಂಡು ಹೋಗುತ್ತೇನೆ. ಗೊತ್ತಿಲ್ಲದೆ ನೀವು ತೆಗೆದುಕೊಳ್ಳುವುದು ಬೇಡ."

ಕಮಲಾಕ್ಷಿ ಬಗ್ಗಿ ಒಂದು ಹಾಸಿಗೆಯನ್ನು ಮೂಸಿ ನೋಡಿದರು. ಇನ್ನೊಂದನ್ನು. ಏಳನೆಯದರವರೆಗೆ ಹೋದರು. ಬಿಸಿಲಿಗೆ ಕಾದ ಕೋರಾ ಬಟ್ಟೆಯ ವಾಸನೆ ಬಿಟ್ಟರೆ ಬೇರೆ ಇರಲಿಲ್ಲ. ಒಬ್ಬ ಆಯಾಳನ್ನು ಕರೆದು ಅವಳಿಗೂ ಮೂಸಲು ಹೇಳಿದರು. ಅವಳು ಮೂಸಿ, "ಸವಾ," ಎಂದಳು, ಸರಿಯಿದೆ ಎಂದು.

"ಬಟ್ಟೆ ಹೊದಿಕೆ ನಮ್ಮದೇ ಹಾಕೋಣ," ಎಂದರು ಕಮಲಾಕ್ಷಿ. "ಮಲಗಿಸಿ."

ಹನ್ನೆರಡೂವರೆ. ಕುದುರೆಯ ಹುಡುಗ ಮೊದಲು ಎರಡು ಬದಿ ಕಾಲು ಹಾಕಿ ಕೂತ. ಕುದುರೆ ತಗ್ಗಾಗಿತ್ತು, ಕಾಲು ನೆಲಕ್ಕೆ ತಾಕಿತು. ನಿರಾಸೆಯಿಂದ ಅಡ್ಡ ಬಿದ್ದ. ಕಳೆದ ವಾರ ಮೊದಲು ಉರುಳಿದ್ದ ಹುಡುಗಿ ಉರುಳಲು ನೋಡಿದಳು. ನಡುವಿನ ಸಣ್ಣ ತಗ್ಗು ಅವಳನ್ನು ಬಿಡಲಿಲ್ಲ. ಹನ್ನೆರಡೂ ನಲವತ್ತಕ್ಕೆ ಹನ್ನೊಂದು ಮಕ್ಕಳು ನಿದ್ದೆಯಲ್ಲಿದ್ದರು. ಹನ್ನೆರಡೂ ಐವತ್ತಕ್ಕೆ ಹದಿನೆಂಟು. ಕಮಲಾಕ್ಷಿ ಸಾಲಿನ ನಡುವೆ ಬರಿಗಾಲಲ್ಲಿ ನಡೆದು ರೆಪ್ಪೆಗಳನ್ನು ನೋಡಿದರು. ಹತ್ತೊಂಬತ್ತನೆಯವನ ಹತ್ತಿರ ನಿಂತು ತಲೆಯಾಡಿಸಿದರು: ಸುಳ್ಳು ನಿದ್ದೆ. ಸ್ವಲ್ಪ ಹೊತ್ತಿನಲ್ಲಿ ಅದೂ ನಿಜವಾಯಿತು. ಇಪ್ಪತ್ತನೆಯವಳು ಕೊನೆಯವರೆಗೂ ಕಣ್ಣು ಬಿಟ್ಟುಕೊಂಡೇ ಇದ್ದಳು, ತನ್ನ ಚಾಪೆಯ ಮೂಲೆಯ ಕೆಂಪು ಎಳೆಯನ್ನು ಎಳೆಯುತ್ತ. ಶಾಲೆಗೆ ಸೇರಿದಂದಿನಿಂದ ಅವಳು ಯಾವ ಹಾಸಿಗೆಯ ಮೇಲೂ ಮಧ್ಯಾಹ್ನ ನಿದ್ದೆ ಮಾಡಿದವಳಲ್ಲ ಎಂದು ಆಯಾ ಪಿಸುಗುಟ್ಟಿದಳು.

ಒಂದೂವರೆಗೆ ಎಬ್ಬಿಸಿದಾಗ ಒಂದು ಹಾಸಿಗೆ ಒದ್ದೆ. ಆಯಾ ಅದನ್ನು ಅಂಗಳದ ಬಿಸಿಲಿಗೆ ಹಾಕಿದಳು. ಎಮಿಲಿಯಾನಾ ಅದರ ಪಕ್ಕದಲ್ಲೇ ನಿಂತಿದ್ದರು. ನಾಲ್ಕು ಗಂಟೆಗೆ ಕಮಲಾಕ್ಷಿ ಬಂದು ಅಂಗೈಯೂರಿ ಒತ್ತಿದರು. ಒಣಗಿತ್ತು. ಅವರು ನೇರ ಕಚೇರಿಗೆ ಹೋಗಿ ಟೈಪ್‌ರೈಟರಿಗೆ ಶಾಲೆಯ ಹೆಸರಿರುವ ಹಾಳೆ ಏರಿಸಿದರು.

ಫೆಬ್ರವರಿ ಇಪ್ಪತ್ತೈದರ ಶನಿವಾರ ಸಮುದಾಯ ಭವನದಲ್ಲಿ ಸುಮಾರು ಎಪ್ಪತ್ತು ಜನ ಸೇರಿದ್ದರು. ಪೀಟರ್ ಮ್ವಂಗಿ ಕಾಗದವನ್ನು ಕೈಯಳತೆಯ ದೂರದಲ್ಲಿ ಹಿಡಿದು ಇಂಗ್ಲಿಷಿನಲ್ಲಿ ಓದಿದರು, ಒಂದೊಂದು ವಾಕ್ಯವನ್ನೂ ಸ್ವಾಹಿಲಿಗೆ ತಿರುಗಿಸಿ ಹೇಳಿದರು. ಕೊಟ್ಟಿರುವ ಇಪ್ಪತ್ತನ್ನು ಶಾಲೆ ಸ್ವೀಕರಿಸಿದೆ. ಇನ್ನು ನಲವತ್ತು ಬೂರುಗದ ಹಾಸಿಗೆ, ನಲವತ್ತು ಚಾಪೆ ಬೇಕು. ಪ್ರತಿವರ್ಷ ಹಳೆಯವನ್ನು ಬಿಚ್ಚಿ, ಬಡಿದು, ಮತ್ತೆ ಹೊಲಿದು ಕೊಡುವ ಕೆಲಸವೂ ಇವರದೇ. ಕೊನೆಯಲ್ಲಿದ್ದ ಷರತ್ತಿಗೆ ಬಂದಾಗ ಅವರು ನಿಂತರು, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಮನಸ್ಸಿನಲ್ಲೇ ಓದಿದರು.

"ಪ್ರತಿಯೊಂದು ಹಾಸಿಗೆಯನ್ನೂ," ಎಂದು ನಿಧಾನವಾಗಿ ಹೇಳಿದರು, "ಒಪ್ಪಿಸುವ ಮುನ್ನ ಎಂಬತ್ತು ಕಿಲೋಗೆ ಕಡಿಮೆಯಿಲ್ಲದ ವಯಸ್ಕರೊಬ್ಬರು ಐದು ದಿನ ಅದರ ಮೇಲೆ ಮಲಗಿರತಕ್ಕದ್ದು."

ಸಭೆಯಲ್ಲಿದ್ದವರು ಒಬ್ಬರ ಹೊಟ್ಟೆಯನ್ನೊಬ್ಬರು ನೋಡಿಕೊಂಡರು.

"ನಲವತ್ತು ಹಾಸಿಗೆ," ಎಂದು ಹಿಂದಿನ ಸಾಲಿನಿಂದ ಯಾರೋ ಲೆಕ್ಕ ಹಾಕಿದರು. "ಗೋದಾಮಿನವರು ಇಪ್ಪತ್ತೆರಡು. ಇನ್ನು ಹದಿನೆಂಟು ಜನ ಬೇಕಲ್ಲ?"

"ಮೀನುಸಾರು ಇದೆಯಾ?" ಎಂದು ಇನ್ನೊಬ್ಬರು ಕೇಳಿದರು. ಬಡಾವಣೆಯಲ್ಲಿ ಸುದ್ದಿ ಆಗಲೇ ಹಬ್ಬಿತ್ತು.

"ಇದೆ," ಎಂದರು ಎಮಿಲಿಯಾನಾ ಎದ್ದು ನಿಂತು.

ಕೈಗಳು ಮೇಲೆದ್ದವು. ಕೋಳಿ ಸಾಕಲು ಶೆಡ್ ಕೇಳಿದ್ದವರೂ ಕೈ ಎತ್ತಿದ್ದರು. ಅವರು ತೊಂಬತ್ತು ಕಿಲೋ ಇದ್ದರು. ಮಾಮಾ ಮ್ವೆಂಡೆ ಒಂದು ಹಾಳೆ ಹಿಡಿದು ಸಾಲಿನಿಂದ ಸಾಲಿಗೆ ಹೋಗಿ ಹೆಸರು ಬರೆದುಕೊಂಡರು, ತೆಳ್ಳಗಿದ್ದ ಇಬ್ಬರನ್ನು ಹೊಟ್ಟೆ ಮುಟ್ಟಿ ನೋಡಿ ಹೊರಗಿಟ್ಟರು. ಕೊನೆಗೆ ವೇದಿಕೆಯ ಹತ್ತಿರ ಬಂದು ಅಧ್ಯಕ್ಷರನ್ನು ಮೇಲಿನಿಂದ ಕೆಳಗೆ ನೋಡಿದರು.

"ಶೆಡ್ ಒಂದು ವರ್ಷ ಮಾಮಾ ಗೊಡೊರೊ ಅವರಿಗೆ," ಎಂದು ಪೀಟರ್ ಮ್ವಂಗಿ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುತ್ತ ದನಿ ತಗ್ಗಿಸಿ ಕೇಳಿದರು: "ಮಧ್ಯಾಹ್ನ ಎಷ್ಟು ಗಂಟೆಗೆ ಬರಬೇಕು?"